ಡಾಂಬರು ತಗಡಿನ ಬಚ್ಚಲು

ಲಂಗವನ್ನು ಎದೆಗೆ ಕಟ್ಟಿಕೊಂಡು ಬಯಲಲ್ಲಿ ಸ್ನಾನ ಮಾಡುವುದನ್ನು ನನಗೆ ನನ್ನವ್ವ ಕಲಿಸಿದಳು. ಬೆನ್ನು ಗೋಡೆಯ ಕಡೆಗಿರಬೇಕು. ಕಣ್ಣು ಮುಚ್ಚಬಾರದು, ಸೋಪು ಉರಿದರೂ ದಾರಿಯ ಮೇಲೆ ಕಣ್ಣಿರಬೇಕು. ಲಂಗದೊಳಗೆ ಕೈ ತೂರಿಸಿ ಸಿಕ್ಕಿದಷ್ಟು ಉಜ್ಜಿಕೊಳ್ಳಬೇಕು. ಯಾರಾದರೂ ಬಂದರೆ ಕುಕ್ಕರುಗಾಲಲ್ಲಿ ಕೂತು ಮಂಡಿಗಳ ನಡುವೆ ಮುಖ ಹುದುಗಿಸಬೇಕು. "ಮಕ ಕಾಣ್ದಿದ್ರೆ ಅದು ಯಾರ ಮೈಯೂ ಅಲ್ಲ ಕಣವ್ವ," ಎನ್ನುತ್ತಿದ್ದಳು.

ಅದನ್ನೇ ನನ್ನ ಮಗಳು ಸುಮನಾಳಿಗೆ ಕಲಿಸಿದೆ. ಅವಳೂ ಚೆನ್ನಾಗಿಯೇ ಕಲಿತಳು. ಒಂದು ಭಾನುವಾರ ಅವಳು ಹಾಗೆ ಮುಖ ಹುದುಗಿಸಿ ಕೂತಿದ್ದನ್ನು ನಾನು ನೋಡಿದೆ. ಆಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ಹಾನುಬಾಳಿನಿಂದ ಜೀಪು ಹತ್ತಿ ಗೇಟಿನ ಹತ್ತಿರ ಇಳಿದರೆ ನಮ್ಮ ಎಸ್ಟೇಟು. ಕಾಫಿ ಸ್ಟೋರಿನ ಕೆಳಗೆ, ಹಳ್ಳದ ಮಗ್ಗುಲಲ್ಲಿ ನಮ್ಮ ಲೈನು. ಒಂದೇ ಗೋಡೆಗೆ ಅಂಟಿಕೊಂಡ ಮನೆಗಳು. ಒಂದು ಕೋಣೆ, ಅದರ ಮೂಲೆಯಲ್ಲಿ ಒಲೆ. ಬಚ್ಚಲು ಯಾರಿಗೂ ಇಲ್ಲ. ಲೈನಿನ ತುದಿಯಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ, ಅದರ ಮುಂದೆ ಒಂದು ಚಪ್ಪಡಿ ಕಲ್ಲು. ಪಾತ್ರೆ ತೊಳೆಯುವುದೂ ಅಲ್ಲೇ, ಮೈ ತೊಳೆಯುವುದೂ ಅಲ್ಲೇ. ನಾವೆಲ್ಲ ಆಲೂರು ಕಡೆಯ ಕೇರಿಗಳಿಂದ ದುಡಿಯಲು ಬಂದವರು. ನನ್ನ ಗಂಡ ಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದು ಸತ್ತ. ಅವನ ಏಣಿ ಮಾರನೇ ದಿನವೇ ಇನ್ನೊಬ್ಬನ ಹೆಗಲೇರಿತು. ಮನೆ ಮಾತ್ರ ನನ್ನ ದುಡಿಮೆಯ ಮೇಲೆ ಉಳಿಯಿತು. ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕು. ಲೈನಿನ ಕಾನೂನು ಅದು.

ಕಾಫಿಗೆ ಔಷಧಿ ಹೊಡೆಯುವ ಕಾಲದಲ್ಲಿ ಮೈಲುತುತ್ತದ ನೀರು ಸಿಡಿದು ಕೂದಲ ಬುಡದವರೆಗೂ ನೀಲಿಯಾಗುತ್ತಿದ್ದೆವು. ಕಂಕುಳು ಉರಿಯುತ್ತಿತ್ತು. ತೊಡೆಸಂದಿ ಉರಿಯುತ್ತಿತ್ತು. ಗಂಡಸರು ಚಡ್ಡಿಯಲ್ಲಿ ನಿಂತು ಬೆಳಕಿದ್ದಾಗಲೇ ನೀರು ಹುಯ್ದುಕೊಂಡು ಹೋಗುತ್ತಿದ್ದರು. ನಾವು ಉರಿಯನ್ನು ಇಟ್ಟುಕೊಂಡೇ ಅಡುಗೆ ಮಾಡಿ, ಬಡಿಸಿ, ಮುಸುರೆ ತಿಕ್ಕಿ, ಕತ್ತಲಾಗುವುದನ್ನು ಕಾಯುತ್ತಿದ್ದೆವು. ಕತ್ತಲಲ್ಲಿ ಹುಯ್ದುಕೊಂಡ ನೀರು ಎಲ್ಲಿಗೆ ಮುಟ್ಟಿತು, ಎಲ್ಲಿಗೆ ಮುಟ್ಟಲಿಲ್ಲ, ಯಾರಿಗೆ ಗೊತ್ತು.

ಆಗ ಕಾಫಿಗೆ ರೇಟು ಬಿದ್ದಿತ್ತು. ನಮ್ಮ ಧಣಿ ನಟರಾಜ್ ಗುಡ್ಡದ ಮೇಲೆ ಹೋಮ್‌ಸ್ಟೇ ಕಟ್ಟಿಸಿದರು. ಎರಡು ಸಾವಿರದ ಮೂರನೇ ಇಸವಿ ಇರಬೇಕು. ಬೆಂಗಳೂರಿಂದ ಕಾರುಗಳು ಬರತೊಡಗಿದವು. ಕೋಣೆಗಳಿಗೆ ಗೋಡೆಯುದ್ದದ ಕಿಟಕಿಗಳು. ಎಲ್ಲ ಕಿಟಕಿಯೂ ಕಣಿವೆಯ ಕಡೆಗೆ. ಕಣಿವೆಯಲ್ಲಿ ಏನಿದೆ? ಹಳ್ಳ ಇದೆ. ಗದ್ದೆ ಇದೆ. ನಮ್ಮ ನಲ್ಲಿ ಇದೆ.

ರಜೆಯ ದಿನಗಳಲ್ಲಿ ಅಲ್ಲಿನ ಬಚ್ಚಲು ತೊಳೆಯಲು ನನ್ನನ್ನು ಕರೆಯುತ್ತಿದ್ದರು. ಕೋಣೆಗೊಂದು ಬಚ್ಚಲು. ಒಂದೊಂದೂ ನಮ್ಮ ಮನೆಗಿಂತ ದೊಡ್ಡದು. ಒಂದು ದಿನ ತೊಳೆದು ಮುಗಿಸಿದವಳು ಒಳಗಿನಿಂದ ಚಿಲಕ ಹಾಕಿಕೊಂಡು ನಿಂತೆ. ಸ್ನಾನ ಮಾಡಲಿಲ್ಲ. ನಲ್ಲಿ ಮುಟ್ಟಲಿಲ್ಲ. ಯಾರ ಕಣ್ಣೂ ಬೀಳದ ಜಾಗದಲ್ಲಿ ನಿಂತರೆ ಹೇಗಿರುತ್ತದೆ ಎಂದು ಬರೀ ನಿಂತೆ. ಧಣಿಗಳ ಹೆಂಡತಿ ಸುಲೋಚನಮ್ಮ ಬಾಗಿಲು ತಟ್ಟಿದರು.

"ಒಳಗೆ ಚಿಲಕ ಹಾಕ್ಕೊಂಡು ಏನೇ ಮಾಡ್ತಿದ್ದೀಯ?"

"ನಿಂತಿದ್ದೆ ಅಮ್ಮಾವ್ರೆ."

"ನಿಂತ್ಕೊಳೋಕೆ ನಿಂಗೆ ಬೇರೆ ಜಾಗ ಇಲ್ವಾ?"

ಇಲ್ಲ ಎಂದು ಹೇಳಬೇಕಿತ್ತು. ಬಕೆಟ್ಟು ಎತ್ತಿಕೊಂಡು ಈಚೆ ಬಂದೆ.

ಆ ಭಾನುವಾರ ನಾನು ಸೌದೆ ತರಲು ಹೋಗಿದ್ದೆ. ಹೊರೆ ಇಳಿಸುವಾಗ ಕಂಡಿದ್ದು: ಕಲ್ಲಿನ ಮೇಲೆ ಸುಮಿ ಮುದುರಿಕೊಂಡು ಕೂತಿದ್ದಾಳೆ. ಮುಖ ಮಂಡಿಯಲ್ಲಿದೆ. ಸೋಪಿನ ನೊರೆ ಹಾಗೇ ಒಣಗುತ್ತಿದೆ. ಹೋಮ್‌ಸ್ಟೇಗೆ ಬಂದಿದ್ದ ಇಬ್ಬರು ಗಂಡಸರು ದಾರಿಯಲ್ಲಿ ನಿಂತಿದ್ದಾರೆ. ಒಬ್ಬನ ಕೈಯಲ್ಲಿ ಕ್ಯಾಮೆರಾ.

"ಹೋಗ್ರಯ್ಯ ಆಚೆ," ಎಂದು ಕೂಗಿದೆ.

"ನೇಚರ್ ಫೋಟೋ ತೆಗೀತಿದ್ವಿ ಅಮ್ಮ, ತಪ್ಪೇನಿದೆ?" ಎಂದ ಒಬ್ಬ. ನಗುತ್ತಲೇ ಹೇಳಿದ. ನಗುತ್ತಲೇ ಹೋದರು.

ಅವರು ಹೋದ ಮೇಲೂ ಸುಮಿ ಏಳಲಿಲ್ಲ. ನನ್ನ ಸೆರಗಿನಲ್ಲಿ ಸುತ್ತಿ, ಎಳೆ ಮಗುವಿನ ಹಾಗೆ ತಬ್ಬಿಕೊಂಡು ಒಳಗೆ ಕರೆದುಕೊಂಡು ಹೋದೆ. ಮೈಯೆಲ್ಲ ಸೋಪಿನ ಹಕ್ಕಳೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. 

ಅಂದಿನಿಂದ ಅವಳು ಸ್ನಾನ ಬಿಟ್ಟಳು. ಒಲೆಯ ಮೂಲೆಯಲ್ಲಿ ಕೂತು ಕೈಕಾಲು ಒರೆಸಿಕೊಂಡು ಶಾಲೆಗೆ ಹೋಗುತ್ತಿದ್ದಳು. ಹೊಗೆಯ ವಾಸನೆ, ಬೆವರಿನ ವಾಸನೆ. ಹಾನುಬಾಳಿನ ಶಾಲೆಯಲ್ಲಿ ಅವಳ ಬೆಂಚು ಖಾಲಿಯಾಯಿತು. ಮೊದಲೂ ಅವಳ ಪಕ್ಕ ಒತ್ತಿಕೊಂಡು ಕೂರುವವರಿರಲಿಲ್ಲ. ಆಗ ಕಾರಣ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಈಗ ಮೂಗು ಮುಚ್ಚಿಕೊಂಡು ಹೇಳಲು ಒಂದು ಕಾರಣ ಸಿಕ್ಕಿತು.

"ಅವ್ವ, ನಾನು ಸ್ಕೂಲಿಗೆ ಓಗಲ್ಲ," ಎಂದಳು.

"ಯಾಕವ್ವ ಮಗ?"

"ನಿನ್ ಜೊತೆ ಕಾಫಿ ಕುಯ್ಯಾಕೆ ಬತ್ತೀನಿ. ಅಲ್ಲಿ ಎಲ್ರೂ ನಾರ್ತೀವಿ."

ಆವತ್ತೇ ಪೆಟ್ಟಿಗೆಯಿಂದ ನನ್ನ ಹಳೇ ಸೀರೆ ಹುಡುಕಿ ತೆಗೆದೆ.

ಮೊದಲು ನಾನು ಮಾಡಿದ್ದು ಸಣ್ಣ ಕೆಲಸ. ನಲ್ಲಿಯ ಹತ್ತಿರ, ಕಾಫಿಯ ನೆರಳಿಗೆ ಬೆಳೆಸಿದ ಎರಡು ಸಿಲ್ವರ್ ಮರಗಳಿಗೆ ಹಗ್ಗ ಎಳೆದು ಆ ಸೀರೆ ಕಟ್ಟಿದೆ. ಎಸ್ಟೇಟಿನ ರೈಟರ್ ಏಕಾಂತಯ್ಯನವರು ಬೆಳಗ್ಗೆ ಆಳುಗಳ ಹಾಜರಿ ಬರೆಯಲು ಬಂದವರು ಅದನ್ನು ನೋಡಿದರು. ಸ್ನಾನ ಮಾಡಿ ಹಣೆಗೆ ವಿಭೂತಿ ಇಡದೆ ಒಂದು ತೊಟ್ಟು ಕಾಫಿಯನ್ನೂ ಕುಡಿಯದ ಮನುಷ್ಯ. ಕೈಯಲ್ಲಿದ್ದ ಕೋಲಿನಿಂದಲೇ ಸೀರೆಯನ್ನು ಎಳೆದು ಕೆಸರಿಗೆ ಹಾಕಿದರು. ಕೈಯಲ್ಲಿ ಮುಟ್ಟಲಿಲ್ಲ.

"ಮೀನಾಕ್ಷಿ, ಮೇಲಿಂದ ನೋಡಿದ್ರೆ ಸ್ಮಶಾನದ ತರ ಕಾಣ್ತದೆ. ಗೆಸ್ಟುಗಳು ಕೇಳ್ತಾರೆ, ಇದೇನ್ರೀ ಬಟ್ಟೆ ನೇತಾಕಿದ್ದೀರ ಅಂತ."

"ಮೇಲಿಂದ ನೋಡ್ತಾರೆ ಅಂತಾನೇ ಕಟ್ಟಿದ್ದು ರೈಟ್ರೆ."

"ನೋಡೋಕೆ ಅವ್ರಿಗೆ ಬೇರೆ ಕೆಲ್ಸ ಇಲ್ವಾ? ನಿಮ್ಮನ್ನ ಯಾರು ನೋಡ್ತಾರೆ ಹೋಗೇ."

ಧಣಿಗಳನ್ನೇ ಕೇಳೋಣ ಎಂದು ಬಂಗಲೆಗೆ ಹೋದೆ. ಮೆಟ್ಟಿಲ ಕೆಳಗೆ ನಿಂತೆ. ನಟರಾಜ್ ಧಣಿ ಪೇಪರು ಮಡಿಚಿ ಕೇಳಿದರು. ಕೂಗಾಡುವ ಮನುಷ್ಯನಲ್ಲ. ಮೆತ್ತಗೇ ಮಾತಾಡಿದರು.

"ನಿಮ್ಮ ಅತ್ತೆ ಕಾಲದಿಂದ ಅದೇ ನಲ್ಲಿ ಹತ್ರ ಮಾಡ್ಕೊಂಡು ಬಂದಿದ್ದೀರ. ಈಗೇನು ಹೊಸದು?"

"ಮಗಳು ದೊಡ್ಡೋಳಾಗೋ ವಯಸ್ಸು ಧಣಿ. ನೀವೇನೂ ಕಟ್ಟಿಸ್ಕೊಡದು ಬ್ಯಾಡ. ಜಾಗ ತೋರ್ಸಿ ಸಾಕು, ನಾನೇ ನಾಕು ಗೂಟ ನೆಡ್ತೀನಿ."

"ಅದೇ ಬೇಡ ಅನ್ನೋದು. ಇವತ್ತು ಗೂಟ ನೆಡ್ತೀರ. ನಾಳೆ ಗೋಡೆ ಕಟ್ತೀರ. ನಾಡಿದ್ದು ಹಕ್ಕುಪತ್ರ ತಗೊಂಡು ಬರ್ತೀರ. ಪಕ್ಕದ ಎಸ್ಟೇಟಲ್ಲಿ ನೋಡಿದ್ದೀನಿ ನಾನು. ಲೈನ್ ಹತ್ರ ಒಂದು ಗೂಟಾನೂ ಏಳಕೂಡದು."

ಒಂದು ಹೆಣ್ಣುಮಗು ಬಟ್ಟೆ ಬಿಚ್ಚಿ ನೀರು ಹುಯ್ದುಕೊಳ್ಳಲು ಬೇಕಾದ ಜಾಗ ಎಷ್ಟು? ಒಂದು ಚಾಪೆಯಷ್ಟು. ನೋಡಿದಷ್ಟೂ ದೂರ ಅವರದೇ ತೋಟ. ಅದರಲ್ಲಿ ಒಂದು ಚಾಪೆಯಷ್ಟು ಜಾಗಕ್ಕೆ ಅವರು ಹೆದರಿದರು.

ಕಾಫಿ ಹಣ್ಣಾಗುವ ಹೊತ್ತಿಗೆ ಸುಮಿ ಮೈನೆರೆದಳು.

ನಮ್ಮಲ್ಲಿ ಹುಡುಗಿ ಮೈನೆರೆದರೆ ಸೋದರಮಾವ ಬಂದು ಗುಡ್ಲು ಹಾಕಬೇಕು. ಹಸಿ ಗೂಟ ನೆಟ್ಟು, ಹಸಿ ಸೊಪ್ಪು ಹೊದಿಸಿದ ಪುಟ್ಟ ಗುಡಿಸಲು. ಶಾಸ್ತ್ರದ ದಿನಗಳು ಮುಗಿಯುವವರೆಗೆ ಹುಡುಗಿ ಅದರಲ್ಲೇ ಇರಬೇಕು. ಕೊನೆಯ ದಿನ ಅವಳಿಗೆ ನೀರು ಹುಯ್ದು ಒಳಗೆ ಕರೆದುಕೊಂಡು, ಗುಡ್ಲನ್ನು ಕಿತ್ತು ಸುಟ್ಟುಬಿಡಬೇಕು. ಉಳಿಸಿಕೊಂಡರೆ ಮನೆಗೆ ಕೇಡು. ಗುಡ್ಲು ನಿಂತಿರುವಷ್ಟು ದಿನ ಅದನ್ನು ಯಾರೂ ಮುಟ್ಟುವುದಿಲ್ಲ, ರೈಟರೂ ಇಲ್ಲ, ಧಣಿಯೂ ಇಲ್ಲ. ಮುಟ್ಟಿದರೆ ಮುಟ್ಟಿದವರಿಗೂ ಕೇಡು ಎಂಬ ಹೆದರಿಕೆ ಬಂಗಲೆಯವರಿಗೂ ಉಂಟು.

ನನ್ನ ತಮ್ಮ ಚಂದ್ರಯ್ಯ ಮಾರನಹಳ್ಳಿಯಲ್ಲಿದ್ದ. ಶಿರಾಡಿ ಘಾಟಿಯಲ್ಲಿ ರಸ್ತೆ ಕೆಲಸ. ಸುದ್ದಿ ಕೇಳಿ ಕತ್ತಿ ಹಿಡಿದುಕೊಂಡು ಬಂದ. ಬಂದವನಿಗೆ ಕಾಫಿ ಕೊಟ್ಟು ಕೇಳಿದೆ.

"ಚಂದ್ರ, ರಸ್ತೆ ಕೆಲ್ಸದಲ್ಲಿ ಡಾಂಬರು ಖಾಲಿಯಾದ ಡ್ರಮ್ಮು ಏನ್ ಮಾಡ್ತೀರ?"

"ಚರಂಡಿಗೆ ತಳ್ತೀವಿ. ಯಾಕಕ್ಕ?"

"ಒಂದಷ್ಟು ಬೇಕು. ಗುಡ್ಲಿಗೆ."

ಅವನು ಲೋಟ ಕೆಳಗಿಟ್ಟ. "ಗುಡ್ಲಿಗೆ ಬೈನೆ ಗರಿ ಬೇಕು, ನೆಲ್ಲಿ ಸೊಪ್ಪು ಬೇಕು. ಡಾಂಬರ್ ಡ್ರಮ್ಮು ಯಾವ ಶಾಸ್ತ್ರದಲ್ಲೈತೆ?"

"ಸೊಪ್ಪು ಹೊರಗಡೆಗೆ. ತಗಡು ಒಳಗಡೆಗೆ. ಕೊನೇ ದಿನ ಸೊಪ್ಪು ಸುಡಾನ. ತಗಡು ನಿಂತ್ಕಳ್ಳಿ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ತಲೆ ಅಲ್ಲಾಡಿಸಿದ.

"ಬ್ಯಾಡ ಕಣಕ್ಕ. ಗುಡ್ಲು ಉಳಿಸ್ಕಂಡೋರು ಉದ್ಧಾರ ಆಗಿಲ್ಲ. ನನ್ ಸೊಸೆಗೆ ಏನಾರ ಆದ್ರೆ?"

"ಈಗ ಏನೂ ಆಗಿಲ್ವಾ? ಬಾ ಇಲ್ಲಿ, ನೋಡು."

ಸುಮಿಯ ರವಿಕೆಯ ತೋಳು ಸರಿಸಿ ತೋರಿಸಿದೆ. ಸ್ನಾನವಿಲ್ಲದೆ ಕಂಕುಳಲ್ಲೆಲ್ಲ ಕಜ್ಜಿ. ಕೆರೆದು ಕೆರೆದು ನೆತ್ತರು ಬಂದಿತ್ತು. ಸುಮಿ ಗೋಡೆಯ ಕಡೆ ಮುಖ ತಿರುಗಿಸಿದಳು. ಚಂದ್ರಯ್ಯ ನೋಡಿದ. ಎದ್ದು ಹೋದ. ಮುನಿಸಿಕೊಂಡು ಹೋದ ಎಂದುಕೊಂಡೆ. ಮಧ್ಯಾಹ್ನಕ್ಕೆ ಒಂದು ಜೀಪಿನ ತಲೆಯ ಮೇಲೆ ಡ್ರಮ್ಮುಗಳನ್ನು ಹೇರಿಸಿಕೊಂಡು ಬಂದ.

ತಡೀರಿ, ಈಗ ಒಲೆಯ ಮೇಲೆ ಹುರುಳಿ ಉಕ್ಕುತ್ತಿತ್ತು. ಇಳಿಸಿ ಬಂದೆ. ಕತೆಯಲ್ಲಿ ಎಲ್ಲಿದ್ದೆ? ಡ್ರಮ್ಮು.

ಡಾಂಬರಿನ ಡ್ರಮ್ಮು ಸೀಳುವುದು ಸುಲಭವಲ್ಲ. ಚಾಣ ಇಟ್ಟು ಸುತ್ತಿಗೆಯಲ್ಲಿ ಹೊಡೆಯಬೇಕು. ಹೊಡೆದಷ್ಟೂ ಕೈ ಜೋಮು ಹಿಡಿಯುತ್ತದೆ. ಚಂದ್ರಯ್ಯ ಹೊಡೆದ. ಅವನ ಕೈ ಸೋತಾಗ ನಾನು ಹೊಡೆದೆ. ಸೀಳಿದ ಡ್ರಮ್ಮನ್ನು ಹಳ್ಳದ ಪಕ್ಕ ಬೆಂಕಿಯ ಮೇಲೆ ಹಿಡಿದು ಅಂಟಿದ ಡಾಂಬರನ್ನು ಕರಗಿಸಿದೆವು. ಹೊಗೆ ಗಂಟಲಿಗೆ ಹೋಗಿ ವಾಂತಿಯಾಯಿತು. ಆಮೇಲೆ ಬಂಡೆಯ ಮೇಲೆ ಹಾಕಿ ಹಾರೆಯ ತುದಿಯಲ್ಲಿ ಬಡಿದು ಚಪ್ಪಟೆ ಮಾಡಿದೆವು. ಅಂಗೈಗೆ ಅಂಟಿದ ಡಾಂಬರು ಸೀಮೆಎಣ್ಣೆ ಹಾಕಿ ತಿಕ್ಕಿದರೂ ಬಿಡಲಿಲ್ಲ. ಮುದ್ದೆ ಕಟ್ಟಿದರೆ ಮುದ್ದೆಯೂ ಕಪ್ಪು.

ನಮ್ಮದು ಲೈನಿನ ಕೊನೆಯ ಮನೆ, ನಲ್ಲಿಯ ಪಕ್ಕದ್ದು. ಶಾಸ್ತ್ರದ ಪ್ರಕಾರ ಗುಡ್ಲು ಮನೆಯ ಮುಂದೆಯೇ ಏಳಬೇಕು. ಎದ್ದಿತು. ಸಿಲ್ವರ್ ಮರದ ಕೊಂಬೆ ಕಡಿದು ಬಿಸಾಡಿದ್ದರು. ಅದರಲ್ಲಿ ಗಟ್ಟಿಯಾದವನ್ನು ಆರಿಸಿ ಗೂಟ ಮಾಡಿದೆವು. ಗುಡ್ಲಿನ ಗೂಟ ಮೊಳದಾಳ ಇಳಿದರೆ ಸಾಕು. ನಾವು ಸೊಂಟದಾಳ ಇಳಿಸಿದೆವು.

ಪಕ್ಕದ ಮನೆಯ ಮುದುಕಿ ದ್ಯಾವಮ್ಮ ಸೊಂಟಕ್ಕೆ ಕೈ ಕೊಟ್ಟು ನೋಡುತ್ತಿದ್ದಳು.

"ಏನೋ ಚಂದ್ರ, ಸೊಸೆಗೆ ಗುಡ್ಲು ಕಟ್ತೀಯೋ, ಪಾಳೇಗಾರಂಗೆ ಕೋಟೆ ಕಟ್ತೀಯೋ?"

"ನಿನ್ನಂಥೋರು ನುಗ್ಗಬಾರ್ದು ಅಂತ ಕಣಜ್ಜಿ."

"ನಾನ್ಯಾಕೋ ನುಗ್ಲಿ? ನಂಗೇನ್ ಮತ್ತೆ ಮೈನೆರೆಯೋ ವಯಸ್ಸಾ?"

ತಗಡಿಗೆ ಮೊಳೆ ಹೊಡೆಯುವ ಸದ್ದಿಗೆ ಹೆಂಗಸರೆಲ್ಲ ಬಂದರು. ನಾನು ಯಾರಿಗೂ ಏನೂ ಬಿಡಿಸಿ ಹೇಳಲಿಲ್ಲ. ಅವರಿಗೆ ಹೇಳಬೇಕಾಗಿಯೂ ಇರಲಿಲ್ಲ. ಒಬ್ಬಳು ಗೊಬ್ಬರದ ಚೀಲಗಳನ್ನು ಬಿಚ್ಚಿ ತಂದು ತಗಡಿನ ಸಂದಿಗಳಿಗೆ ತುರುಕಿದಳು. ಹಾನುಬಾಳಿನ ಜೀಪಿನವನು ಬಿಸಾಡಿದ್ದ ಹರಕಲು ಟಾರ್ಪಾಲಿನ ಟಾಪನ್ನು ಇನ್ನೊಬ್ಬಳ ಗಂಡ ಹೊತ್ತು ತಂದ. ಅದು ಚಾವಣಿಗೆ ಆಯಿತು, ಮೇಲಿನ ಕಿಟಕಿಗಳಿಂದ ಬೀಳುವ ಕಣ್ಣಿಗೆ ಅಡ್ಡ. ಹೋಮ್‌ಸ್ಟೇ ಕಟ್ಟುವಾಗ ಒಡೆದುಹೋದ ಟೈಲ್ಸಿನ ಚೂರುಗಳು ಗುಡ್ಡದ ಹಿಂದೆ ರಾಶಿ ಬಿದ್ದಿದ್ದವು. ಅವನ್ನು ಬುಟ್ಟಿಯಲ್ಲಿ ಹೊತ್ತು ತಂದು ಮಣ್ಣಿನಲ್ಲಿ ಕೂರಿಸಿದೆ. ಬಿಳಿ, ಹಸಿರು, ಒಂದರ ಮೇಲೆ ಅರ್ಧ ಗುಲಾಬಿ ಹೂವು. ಚೂಪು ಅಂಚುಗಳನ್ನೆಲ್ಲ ಕಲ್ಲಿನಲ್ಲಿ ಉಜ್ಜಿ ಮೊಂಡು ಮಾಡಿದೆ. ನನ್ನ ಮಗಳ ಅಂಗಾಲಿಗೆ ತಾಗಬಾರದು.

ಕಾಫಿ ಸಸಿಗಳಿಗೆ ನೀರು ಹಾಕುವ ಒಂದು ತೂತು ಬಿದ್ದ ಡಬ್ಬ ನರ್ಸರಿಯ ಬೇಲಿಯಲ್ಲಿ ಸಿಕ್ಕಿತ್ತು. ಅದರ ಮೂತಿಯಲ್ಲಿ ಸಣ್ಣ ಸಣ್ಣ ತೂತಿನ ಬಿಲ್ಲೆ ಇರುತ್ತದಲ್ಲ, ಅದನ್ನು ಚಂದ್ರಯ್ಯ ಕಿತ್ತು ಪೇಂಟಿನ ಬಕೆಟ್ಟಿನ ತಳಕ್ಕೆ ಕೂರಿಸಿ, ಮೇಲಿನ ಗಳುವಿಗೆ ನೇತುಹಾಕಿದ. ಬಟ್ಟೆಯ ಬಿರಡೆ ಎಳೆದರೆ ನೀರು ತಲೆಯ ಮೇಲೆ ಜಲ್ಲನೆ ಬೀಳುತ್ತದೆ. "ನನ್ ಸೊಸೆಗೆ ಶವರ್ರು," ಎಂದ. ಹಳೇ ಹಲಗೆಗಳ ಬಾಗಿಲಿಗೆ ಡ್ರಮ್ಮಿನ ಬಾಯಿಯ ಕಬ್ಬಿಣವನ್ನು ಬಗ್ಗಿಸಿ ನಾನೇ ಒಂದು ಚಿಲಕ ಮಾಡಿದೆ. ಒಳಗಿನಿಂದ ಹಾಕಿ ತೆಗೆದು ನೋಡಿದೆ. ಮತ್ತೆ ಹಾಕಿ ನೋಡಿದೆ.

ಆಮೇಲೆ ಎಲ್ಲದರ ಮೇಲೆ ಬೈನೆ ಗರಿ, ನೆಲ್ಲಿ ಸೊಪ್ಪು ಹೊದಿಸಿದೆವು. ತಗಡು ಒಂದಿಷ್ಟೂ ಕಾಣಲಿಲ್ಲ.

ಸುಮಿ ಒಳಗೆ ಕೂತಳು. ಸಂಜೆ ಹೊತ್ತು ಹೆಂಗಸರು ಬಂದು ಆರತಿ ಎತ್ತಿ, ಕೊಬ್ಬರಿ ಬೆಲ್ಲ ತಿನ್ನಿಸಿ, ಹಾಡು ಹೇಳಿ ಹೋಗುತ್ತಿದ್ದರು. ಸುಲೋಚನಮ್ಮನವರೂ ಗೆಸ್ಟುಗಳನ್ನು ಕರೆದುಕೊಂಡು ಬಂದರು. "ನಮ್ಮ ಲೇಬರ್ಸದ್ದು ಇದು ಟ್ರೆಡಿಶನ್ನು," ಎಂದು ಅವರಿಗೆ ವಿವರಿಸಿದರು. ಸುಮಿಗೆ ಒಂದು ರವಿಕೆ ಬಟ್ಟೆ ಕೊಟ್ಟರು. "ಎಷ್ಟು ಚಂದ ಕಟ್ಟಿದ್ದೀರೇ, ಹಸಿರು ಹಸಿರಾಗಿ!" ಎಂದರು. ರೈಟರ್ ಹಿಂದೆ ನಿಂತು ನಕ್ಕರು. ಸೀರೆ ಕಟ್ಟಿದರೆ ಸ್ಮಶಾನ. ಸೊಪ್ಪು ಕಟ್ಟಿದರೆ ಚಂದ. ನಾವು ಮೈ ತೊಳೆಯಬಾರದು, ಶಾಸ್ತ್ರ ಮಾಡಬಹುದು.

ಕೊನೆಯ ದಿನ ಸುಮಿಗೆ ಎಣ್ಣೆ ಅರಿಶಿನ ಹಚ್ಚಿ, ನೀರು ಹುಯ್ದು ಮನೆಯೊಳಗೆ ಕೂರಿಸಿದೆವು. ಚಂದ್ರಯ್ಯ ಗರಿಗಳನ್ನು ಕೀಳಲು ಕೈ ಹಾಕಿದವನು ನಿಂತ.

"ಅಕ್ಕ, ಇನ್ನೊಂದ್ಸಲ ಯೋಚ್ನೆ ಮಾಡು. ನಮ್ಮ ಹಿರೀಕರು ಸುಮ್ನೆ ಸುಡು ಅಂದಿಲ್ಲ."

"ಹಿರೀಕರಿಗೆ ಬಚ್ಲು ಕೊಟ್ಟಿದ್ರೆ ಬೇರೆ ತರ ಹೇಳಿರೋರು. ಕೇಡು ಇದ್ರೆ ಅದು ಸೊಪ್ಪಲ್ಲೈತೆ ಅನ್ಕ. ಸೊಪ್ಪು ಸುಡು."

ಸುಟ್ಟ. ಕಿತ್ತು ಪಕ್ಕಕ್ಕೆ ರಾಶಿ ಹಾಕಿದ ಹಸಿ ಸೊಪ್ಪು ಚಟಪಟ ಎಂದು ಬಿಳಿ ಹೊಗೆ ಎಬ್ಬಿಸಿತು. ಹೊಗೆ ಇಳಿದಾಗ ಕಪ್ಪು ತಗಡಿನ ಬಚ್ಚಲು ನಿಂತಿತ್ತು. ನಮ್ಮ ಕೈಯಷ್ಟೇ ಕಪ್ಪು. ಯಾವ ಅಂದವೂ ಇರಲಿಲ್ಲ ಅದಕ್ಕೆ. ನಾನು ಅಂಥ ಚೆಂದದ ವಸ್ತುವನ್ನು ಇನ್ನೊಂದು ನೋಡಿಲ್ಲ.

ಮಾರನೇ ಬೆಳಗ್ಗೆ ಹಾಜರಿಗೆ ಬಂದ ಏಕಾಂತಯ್ಯನವರು ದಾರಿಯಲ್ಲೇ ನಿಂತುಬಿಟ್ಟರು.

"ಏನೇ ಇದು?"

"ಬಚ್ಲು ರೈಟ್ರೆ."

"ಗುಡ್ಲು ಅಂದಿದ್ರಿ!"

"ಗುಡ್ಲು ಸುಟ್ವಲ್ಲ. ಬೂದಿ ಅಲ್ಲೇ ಐತೆ, ನೋಡಿ."

ಅವರ ಮುಖ ಕೆಂಪಾಯಿತು. ಬಂಗಲೆಗೆ ಹೋಗಿ ಬಂದರು. ಬರುವಾಗ ನಮ್ಮ ಲೈನಿನ ನಿಂಗಯ್ಯನನ್ನೂ ಇನ್ನೊಬ್ಬ ಆಳನ್ನೂ ಹಾರೆ ಹೊರಿಸಿಕೊಂಡು ಬಂದರು. ಅಷ್ಟರಲ್ಲಿ ಸುಮಿ ಬಿಸಿನೀರಿನ ಕೊಡ ತೆಗೆದುಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡಿದ್ದಳು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಕೀಳ್ರೋ," ಎಂದರು ರೈಟರ್.

"ನನ್ ಮಗಳು ನೀರು ಉಯ್ಕಂತಾವ್ಳೆ," ಎಂದೆ. "ನಿಂಗಣ್ಣ, ನಿನ್ ಕೈಲಿ ಹಾರೆ ಐತೆ. ಎಳೀತೀಯಾ ತಗಡ? ಎಳಿ. ನಿನ್ ಮಗಳಿಗಿಂತ ಎಲ್ಡು ವರ್ಷ ಚಿಕ್ಕೋಳು."

ನಿಂಗಯ್ಯ ನೆಲ ನೋಡಿದ. ಹಾರೆಯನ್ನು ನೆಲಕ್ಕೆ ಊರಿದ.

"ಆಗ್ಲಿ, ಈಚೆ ಬರ್ಲಿ. ಬಂದ್ಮೇಲೆ ಕೀಳಿ," ಎಂದರು ರೈಟರ್. ಎದುರಿಗಿದ್ದ ಚಪ್ಪಡಿ ಕಲ್ಲಿನ ಮೇಲೆ ಟವೆಲು ಹಾಸಿ ಕೂತು ಗಡಿಯಾರ ನೋಡಿಕೊಂಡರು. "ಎಷ್ಟ್ಹೊತ್ತು ಮಾಡ್ತಾಳೆ ನೋಡ್ತೀನಿ."

ಒಳಗೆ ನೀರು ಜಲ್ಲನೆ ಬಿತ್ತು. ನಿಂತಿತು. ಮತ್ತೆ ಬಿತ್ತು. ನನ್ನ ಮಗಳು ಅವಸರ ಮಾಡಲಿಲ್ಲ. ಸೋಪು ಹಚ್ಚುವ ಸದ್ದು ಕೂಡ ನನಗೆ ಕೇಳುತ್ತಿತ್ತು.

ದ್ಯಾವಮ್ಮ ಆಚೆ ಬಂದು ಒಂದು ಸಲ ರೈಟರನ್ನು ನೋಡಿದಳು, ಒಂದು ಸಲ ಹಾರೆಗಳನ್ನು ನೋಡಿದಳು. ಒಳಗೆ ಹೋಗಿ ತನ್ನ ಸೀರೆ, ಚೊಂಬು ತಂದು ನನ್ನ ಪಕ್ಕ ನಿಂತಳು.

"ಸುಮಿ ಆದ್ಮೇಲೆ ನಾನು," ಎಂದಳು.

ಅವಳ ಹಿಂದೆ ಅವಳ ಸೊಸೆ. ಅವಳ ಹಿಂದೆ ನಿಂಗಯ್ಯನ ಹೆಂಡತಿ, ಗಂಡನ ಕಡೆ ಕಣ್ಣೆತ್ತಿಯೂ ನೋಡದೆ. ಬುಟ್ಟಿ ಸೊಂಟಕ್ಕೆ ಕಟ್ಟಿಕೊಂಡು ಹಣ್ಣು ಕುಯ್ಯಲು ಹೊರಟಿದ್ದವರು ಬುಟ್ಟಿ ಬಿಚ್ಚಿಟ್ಟರು. ಸುಮಿ ಈಚೆ ಬರುತ್ತಿದ್ದಂತೆ ದ್ಯಾವಮ್ಮ ಪಕ್ಕಕ್ಕೆ ಸರಿದಳು, ಅವಳ ಸೊಸೆ ಒಳಗೆ ನುಗ್ಗಿದಳು. ಬಾಗಿಲು ಎರಡು ಉಸಿರಿನಷ್ಟು ಹೊತ್ತೂ ತೆರೆದಿರಲಿಲ್ಲ.

"ಏನೇ ಇದು? ಎಲ್ರಿಗೂ ಇವತ್ತೇ ಮೈಲಿಗೆ ಆಯ್ತಾ?" ಎಂದರು ರೈಟರ್.

"ನಮ್ದು ಬಾಳ ವರ್ಷದ ಮೈಲಿಗೆ ಸ್ವಾಮಿ," ಎಂದಳು ದ್ಯಾವಮ್ಮ. "ಟೈಮ್ ಹಿಡೀತದೆ."

ಹೆಂಗಸರು ನಕ್ಕರು. ರೈಟರ್ ಎದುರಿಗೆ ನಾವು ನಕ್ಕಿದ್ದು ಅದೇ ಮೊದಲು.

ತೋಟದಲ್ಲಿ ರೋಬಸ್ಟಾ ಹಣ್ಣು ಉದುರುತ್ತಿತ್ತು. ಒಬ್ಬ ಹೆಂಗಸೂ ಗಿಡದ ಹತ್ತಿರ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಧಣಿಯ ಜೀಪು ಬಂತು. ನಟರಾಜ್ ಧಣಿ ಇಳಿಯಲಿಲ್ಲ. ಕೂತಲ್ಲಿಂದಲೇ ನನ್ನನ್ನು ಕರೆದರು. ನಾನು ಬಾಗಿಲು ಬಿಟ್ಟು ಹೋಗಲಿಲ್ಲ. ಅವರೇ ಇಳಿದು ಬಂದರು.

"ಮೀನಾಕ್ಷಿ, ನಾನು ಮೊದ್ಲೇ ಹೇಳಿದ್ದೆ. ಇವತ್ತು ಬಚ್ಚಲು ಅಂತೀರ. ನಾಳೆ ಮನೆ ನಮ್ಮದು ಅಂತೀರ."

"ಅಂತೀವಿ ಧಣಿ."

ನಾನು ಹಾಗೆ ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಬಾಯಿಂದ ಬಂದ ಮೇಲೆ ಅದು ನಿಜ ಎನಿಸಿತು.

"ಏನಂದೆ?"

"ನನ್ ಗಂಡ ನಿಮ್ ಮೆಣಸಿನ ಬಳ್ಳಿಯಿಂದ ಬಿದ್ದು ಸತ್ತ. ನಮ್ಮತ್ತೆ ನಿಮ್ ಕಣದಲ್ಲಿ ಸತ್ತಳು. ನಾಳೆ ಮನೆ ನಮ್ದು ಅಂತೀವಿ. ಇವತ್ತು ನೀರು ಉಯ್ಕತೀವಿ."

"ಲೈನ್ ಖಾಲಿ ಮಾಡಿಸ್ತೀನಿ."

"ಮಾಡ್ಸಿ. ನನ್ನೊಬ್ಳನ್ನ ಮಾಡ್ಸದಾದ್ರೆ ಈಗ್ಲೇ ಹೇಳಿ. ಇ‌ವ್ರನ್ನೂ ಕೇಳಿ."

ಅವರು ಹೆಂಗಸರ ಸಾಲನ್ನು ನೋಡಿದರು. ಯಾರೂ ತಲೆ ತಗ್ಗಿಸಲಿಲ್ಲ. ತೋಟದ ಕಡೆ ನೋಡಿದರು. ಗಿಡಗಳು ಕೆಂಪಗೆ ಬಾಗಿದ್ದವು, ಕೈಗಳೆಲ್ಲ ಇಲ್ಲಿದ್ದವು. ಜೀಪು ಹತ್ತುವಾಗ ರೈಟರಿಗೆ, "ಖಾಲಿಯಾದ ತಕ್ಷಣ ಕೀಳಿಸಿ," ಎಂದು ಹೇಳಿ ಹೋದರು.

ಅದು ಖಾಲಿಯಾಗಲಿಲ್ಲ. ಒಬ್ಬಳು ಬಂದರೆ ಇನ್ನೊಬ್ಬಳು ಒಳಗೆ. ಸ್ನಾನ ಆದವರು ಕೂದಲು ಹರಡಿಕೊಂಡು ಬಿಸಿಲಲ್ಲಿ ಕೂತರು. ಮಕ್ಕಳಿಗೆ ಹೊಟ್ಟೆಗೆ ಹಾಕಿ ಮತ್ತೆ ಬಂದು ಸಾಲಿನ ಹಿಂದೆ ನಿಂತರು. ಹಂಡೆಯ ನೀರು ತಣ್ಣಗಾಗುತ್ತಾ ಬಂತು. ನಿಂಗಯ್ಯ ಇದ್ದಕ್ಕಿದ್ದಂತೆ ಹಾರೆಯನ್ನು ಗೋಡೆಗೆ ಒರಗಿಸಿ ಕೊಡಲಿ ತಂದು ಸೌದೆ ಸೀಳಲು ಕೂತ.

"ಏಯ್, ನಿನಗೇನು ಹೇಳಿದ್ದು ನಾನು?" ಎಂದರು ರೈಟರ್.

"ನೀರು ಕಾಯ್ಬೇಕಲ್ಲ ರೈಟ್ರೆ," ಎಂದ ಅವನು.

ಹೊತ್ತು ಬಾಗುವಾಗ ದ್ಯಾವಮ್ಮನ ಸರದಿ ಬಂತು. ಬೇಕೆಂತಲೇ ಹಿಂದೆ ಹಿಂದೆ ಸರಿದು ನಿಂತಿದ್ದಳು. ಒಳಗೆ ಹೋದವಳ ಸದ್ದೇ ಇಲ್ಲ. ನೀರಿನ ಸದ್ದೂ ಇಲ್ಲ. ನನಗೆ ಗಾಬರಿಯಾಯಿತು.

"ಅಜ್ಜಿ? ಏನಾಯ್ತು?"

"ಲಂಗ ಬಿಚ್ಬೋದಾ ಮೀನಿ?" ಎಂದು ಒಳಗಿನಿಂದ ಮೆಲ್ಲಗೆ ಕೇಳಿದಳು.

"ಬಿಚ್ಚಜ್ಜಿ. ಚಿಲಕ ಐತೆ."

ಲಂಗದ ಲಾಡಿ ಬಿಚ್ಚಿದ ಸದ್ದಾಯಿತು. ಆಮೇಲೆ ನೀರು ಬಿತ್ತು. ಆಮೇಲೆ ಲೈನಿಗೆಲ್ಲ ಕೇಳುವಂತೆ ಅವಳ ದನಿ ಬಂತು.

"ಮೀನೀ! ನನ್ ಹೊಕ್ಕಳ ಕೆಳ್ಗೆ ಒಂದು ಮಚ್ಚೆ ಐತೆ ಕಣೇ! ಇಷ್ಟು ದೊಡ್ಡದು! ನಾನು ನೋಡೇ ಇರ್ಲಿಲ್ಲ!"

ಮೊದಲು ಅವಳ ಸೊಸೆ ನಕ್ಕಳು. ಆಮೇಲೆ ಎಲ್ಲರೂ. ಸುಮಿ ನನ್ನ ಹೆಗಲಿಗೆ ಹಣೆ ಒತ್ತಿ ನಗುತ್ತಿದ್ದಳು; ಅವಳ ಒದ್ದೆ ಕೂದಲಿನಿಂದ ಸೀಗೆಕಾಯಿಯ ವಾಸನೆ ಬರುತ್ತಿತ್ತು. ನಗುತ್ತಾ ನಗುತ್ತಾ ನಾನು ಅತ್ತುಬಿಟ್ಟೆ. ದ್ಯಾವಮ್ಮ ಅರವತ್ತು ದಾಟಿದ ಹೆಂಗಸು. ಐದು ಮಕ್ಕಳನ್ನು ಹೆತ್ತವಳು.

"ಇನ್ನೊಂದ್ ಕೊಡ ನೀರು ತಾರೇ," ಎಂದು ಕೂಗಿದಳು ದ್ಯಾವಮ್ಮ. "ನಾನ್ ಈಗ್ಲೇ ಬರಾಕಿಲ್ಲ."

ನಾನು ಹಂಡೆಯಿಂದ ಕೊಡ ತುಂಬಿಸಿ ಸೊಂಟಕ್ಕೆ ಏರಿಸಿದೆ. ಏಕಾಂತಯ್ಯನವರು ಎದ್ದು ದಾರಿಗೆ ಅಡ್ಡ ನಿಂತಿದ್ದರು. ಟವೆಲು ಹೆಗಲ ಮೇಲಿತ್ತು. ಬೆಳಗಿನ ವಿಭೂತಿ ಬೆವರಿಗೆ ಕರಗಿತ್ತು. 

"ದಾರಿ ಬಿಡಿ ರೈಟ್ರೆ," ಎಂದೆ. "ನೀರು ತುಳುಕ್ತದೆ."

ಅವರು ನನ್ನ ಕೊಡ ನೋಡಿದರು, ನನ್ನ ಮುಖ ನೋಡಿದರು. ಪಕ್ಕಕ್ಕೆ ಸರಿದು ನಿಂತರು.